ಟೆಂಪೊನಾ, ಹೋಮ್‌ಸ್ಟೇನಾ, ಸೋಲಾರಾ? 10 ಲಕ್ಷ ಹಾಕುವ ಮೊದಲು ಯಾವ ಲೆಕ್ಕ ನಂಬಬೇಕು

ಕಳೆದ ತಿಂಗಳು ಕಾಪುವಿನಿಂದ ಒಬ್ಬರು ಮೂರು ಹಾಳೆ ಹಿಡಿದುಕೊಂಡು ಬಂದಿದ್ದರು. ಒಂದರಲ್ಲಿ ಮಲ್ಪೆಯಿಂದ ಮೀನು ಸಾಗಿಸುವ ಟೆಂಪೊ. ಇನ್ನೊಂದರಲ್ಲಿ ಬೀಚ್ ಹತ್ತಿರದ ಹಳೆ ಮನೆಗೆ ಎರಡು ರೂಮ್ ಸೇರಿಸಿ ಹೋಮ್‌ಸ್ಟೇ. ಮೂರನೆಯದು ಅಂಗಡಿಯ ತಾರಸಿ ಮೇಲೆ ಸೋಲಾರ್. ಕೈಯಲ್ಲಿ 4 ಲಕ್ಷ ಉಂಟು, 6 ಲಕ್ಷ ಬ್ಯಾಂಕ್ ಕೊಡುತ್ತದೆ. "ಸರ್, ಬಾವನ ಲೆಕ್ಕದಲ್ಲಿ ಟೆಂಪೊ ಮುಂದೆ, ಮಗಳ ಲೆಕ್ಕದಲ್ಲಿ ಹೋಮ್‌ಸ್ಟೇ ಮುಂದೆ. ಇಬ್ಬರಲ್ಲಿ ಯಾರದ್ದು ತಪ್ಪು?" ಅಂತ ಕೇಳಿದರು.

ಯಾರದ್ದೂ ತಪ್ಪಲ್ಲ ಮಾರಾಯ್ರೆ. ಬಾವ ನೋಡಿದ್ದು ಒಂದು ವಿಧಾನ, ಮಗಳು ನೋಡಿದ್ದು ಇನ್ನೊಂದು. ಪ್ರಾಜೆಕ್ಟ್ ರಿಪೋರ್ಟ್ ಬರೆದುಕೊಡುವುದೇ ನನ್ನ ಕೆಲಸ, ಹಾಗಾಗಿ ಈ ಜಗಳ ನನಗೆ ಹೊಸದಲ್ಲ. ಇಂಥದ್ದೇ ಗೊಂದಲದಲ್ಲಿ ಇರುವವರು ಇನ್ನೂ ಕೆಲವರು ಬರೆದು ಕೇಳಿದ್ದಾರೆ. ಅದಕ್ಕೆ ಒಂದೇ ಸಲ ಎಲ್ಲ ಬರೆದುಬಿಡುತ್ತೇನೆ.

ಮೊದಲು ನಿಮಗೆ ಎಂತ ಬೇಕು ಹೇಳಿ

ವಿಧಾನ ಆರಿಸುವ ಮೊದಲು ನಾಲ್ಕು ವಿಷಯ ನೋಡಿಕೊಳ್ಳಬೇಕು. ಹಾಕಿದ ದುಡ್ಡು ಬೇಗ ಕೈಗೆ ಬರಬೇಕಾ, ಅಥವಾ ಕಾಯುವ ತಾಕತ್ತು ಉಂಟಾ? ಕೊನೆಗೆ ಒಟ್ಟು ಎಷ್ಟು ರೂಪಾಯಿ ಜಾಸ್ತಿ ಆಗುತ್ತದೆ? ಅಂದುಕೊಂಡ ಹಾಗೆ ನಡೆಯದಿದ್ದರೆ ಎಷ್ಟು ಏಟು ಬೀಳುತ್ತದೆ? ಮತ್ತೆ, ದುಡ್ಡಿಗೆ ಮಿತಿ ಉಂಟಾ, ಅಂದರೆ ಒಂದಕ್ಕೆ ಹಾಕಿದರೆ ಇನ್ನೊಂದಕ್ಕೆ ಉಳಿಯುವುದಿಲ್ಲವಾ? ಈ ನಾಲ್ಕಕ್ಕೂ ಒಟ್ಟಿಗೆ ಉತ್ತರ ಕೊಡುವ ವಿಧಾನ ಯಾವುದೂ ಇಲ್ಲ. ಒಂದೊಂದು ಒಂದೊಂದಕ್ಕೆ ಚೆನ್ನಾಗಿ ಉತ್ತರ ಕೊಡುತ್ತದೆ, ಅಷ್ಟೇ.

ಈಗ ಆ ಮೂರು ಹಾಳೆಯ ಅಂಕಿ. ಸ್ವಲ್ಪ ಉರುಟು ಮಾಡಿದ್ದೇನೆ, ಲೆಕ್ಕ ಸುಲಭ ಆಗಲಿ ಅಂತ.

ಟೆಂಪೊಗೆ 10 ಲಕ್ಷ. ಡ್ರೈವರ್ ಸಂಬಳ, ಡೀಸೆಲ್, ಇನ್ಶೂರೆನ್ಸ್, ಟಯರ್ ಎಲ್ಲ ಕಳೆದು ಮೊದಲ ವರ್ಷ 4.5 ಲಕ್ಷ ಉಳಿಯುತ್ತದೆ, ಆಮೇಲೆ 3.5, 3, 2, ಐದನೇ ವರ್ಷ ಗಾಡಿ ಮಾರಿದ್ದೂ ಸೇರಿ 1.5 ಲಕ್ಷ. ಗಾಡಿ ಹಳೆಯದಾದಷ್ಟು ಗ್ಯಾರೇಜ್ ಖರ್ಚು ಏರುತ್ತದಲ್ಲ, ಅದಕ್ಕೆ ಇಳಿಕೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ 61 ದಿನ ಮೀನುಗಾರಿಕೆ ನಿಷೇಧ, ಆ ಎರಡು ತಿಂಗಳ ಖಾಲಿಯೂ ಇದರಲ್ಲಿ ಸೇರಿದೆ.

ಹೋಮ್‌ಸ್ಟೇಗೂ 10 ಲಕ್ಷ. ಹೆಸರು ಆಗಲಿಕ್ಕೆ ಸಮಯ ಬೇಕು. ಮೊದಲ ವರ್ಷ 1 ಲಕ್ಷ, ಎರಡನೇ ವರ್ಷ 1.5, ಮೂರನೇ ವರ್ಷ 2, ಆಮೇಲೆ ಹತ್ತನೇ ವರ್ಷದವರೆಗೆ ವರ್ಷಕ್ಕೆ 2.5 ಲಕ್ಷ.

ಸೋಲಾರ್‌ಗೆ 3 ಲಕ್ಷ ಸಾಕು. ಕರೆಂಟ್ ಬಿಲ್ಲಿನಲ್ಲಿ ವರ್ಷಕ್ಕೆ 60 ಸಾವಿರ ಉಳಿತಾಯ, 20 ವರ್ಷ. ನಡುವೆ ಹತ್ತನೇ ವರ್ಷ ಇನ್ವರ್ಟರ್ ಬದಲಿಸಲು 40 ಸಾವಿರ. ನಮ್ಮ ಮಳೆಗಾಲದಲ್ಲಿ ಉತ್ಪಾದನೆ ಬಿದ್ದುಹೋಗುತ್ತದೆ, ಹಾಗಾಗಿ ಬೇಸಿಗೆಯ ಬಿಲ್ ನೋಡಿ 12ರಿಂದ ಗುಣಿಸಬೇಡಿ, ಇಡೀ ವರ್ಷದ್ದು ಹಿಡಿಯಿರಿ. ಮನೆಗೆ ಹಾಕುವವರಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಉಂಟು, ಅಂಗಡಿಗೆ ಅದು ಇಲ್ಲ.

ಪೇಬ್ಯಾಕ್: ಅಸಲು ಯಾವಾಗ ವಾಪಸ್?

ಬಾವ ನೋಡಿದ್ದು ಇದನ್ನೇ. ಟೆಂಪೊದಲ್ಲಿ ಎರಡು ವರ್ಷಕ್ಕೆ 8 ಲಕ್ಷ ಬಂತು, ಉಳಿದ 2 ಲಕ್ಷ ಮೂರನೇ ವರ್ಷದ ಎಂಟು ತಿಂಗಳಲ್ಲಿ. ಅಂದರೆ 2 ವರ್ಷ 8 ತಿಂಗಳು. ಸೋಲಾರ್ 5 ವರ್ಷ. ಹೋಮ್‌ಸ್ಟೇ 5 ವರ್ಷದ ಮೇಲೆ ಎರಡು ತಿಂಗಳು ಚಿಲ್ಲರೆ. ಟೆಂಪೊ ಗೆದ್ದಿತು, ಕತೆ ಮುಗಿಯಿತು!

ಈ ವಿಧಾನವನ್ನು ಓದಿದವರು ಹಗುರವಾಗಿ ನೋಡುತ್ತಾರೆ. ನಾನು ಹಾಗೆ ಮಾಡುವುದಿಲ್ಲ. ಕೈಸಾಲ ಮಾಡಿದವರಿಗೆ, ಎರಡು ವರ್ಷದಲ್ಲಿ ಮಗಳ ಮದುವೆ ಇರುವವರಿಗೆ, ನಾಳೆ ನಿಯಮ ಬದಲಾಗಬಹುದಾದ ವ್ಯಾಪಾರಕ್ಕೆ ಇಳಿಯುವವರಿಗೆ ಇದಕ್ಕಿಂತ ನೇರವಾದ ಲೆಕ್ಕ ಇಲ್ಲ. ಮನೆಯಲ್ಲಿ ಅಮ್ಮನಿಗೂ ಅರ್ಥ ಆಗುತ್ತದೆ.

ಆದರೆ ಅಸಲು ಬಂದ ಮೇಲೆ ಎಂತ ಆಗುತ್ತದೆ ಎಂದು ಇದು ತಿರುಗಿ ನೋಡುವುದಿಲ್ಲ. ಹದಿನೈದು ವರ್ಷ ಹಿಂದೆ ಅಪ್ಪ ಮನೆ ಹಿಂದಿನ ಜಾಗಕ್ಕೆ ಅಡಿಕೆ ಹಾಕುವ ಎಂದರು. ಐದಾರು ವರ್ಷ ಫಸಲೇ ಇಲ್ಲ, ಅಸಲು ಯಾವಾಗ ಬರುವುದು ಎಂದು ನಾನೇ ಬೇಡ ಅಂದೆ. ಆಗ ನನಗೆ ಗೊತ್ತಿದ್ದದ್ದು ಈ ಒಂದು ಲೆಕ್ಕ ಮಾತ್ರ. ನೆರೆಮನೆಯವರು ಹಾಕಿದರು. ಈಗ ಅವರ ಅಂಗಳದಲ್ಲಿ ಅಡಿಕೆ ಒಣಗುತ್ತದೆ, ನಮ್ಮ ಜಾಗದಲ್ಲಿ ಹುಲ್ಲು.

ಇನ್ನೊಂದು ಕೊರತೆ, ಇವತ್ತಿನ ರೂಪಾಯಿಗೂ ಐದು ವರ್ಷದ ನಂತರದ ರೂಪಾಯಿಗೂ ಇದರಲ್ಲಿ ವ್ಯತ್ಯಾಸ ಇಲ್ಲ. ಬಡ್ಡಿ ಹಿಡಿದು ಪೇಬ್ಯಾಕ್ ನೋಡುವ ವಿಧಾನವೂ ಉಂಟು. 12 ಪರ್ಸೆಂಟ್ ಹಿಡಿದರೆ (ಈ 12 ಎಲ್ಲಿಂದ ಬಂತು ಎಂದು ಮುಂದೆ ಹೇಳುತ್ತೇನೆ) ಟೆಂಪೊ 3 ವರ್ಷ 10 ತಿಂಗಳಿಗೆ ಹೋಗುತ್ತದೆ, ಹೋಮ್‌ಸ್ಟೇ 8 ವರ್ಷ ದಾಟುತ್ತದೆ. ಸುಮ್ನೆ ಮಾಡಿ ನೋಡಿ, ಸ್ವಲ್ಪ ಗಾಬರಿ ಆದರೆ ಒಳ್ಳೆಯದೇ.

ಸರಾಸರಿ ಲಾಭವನ್ನು ಹಾಕಿದ ದುಡ್ಡಿನಿಂದ ಭಾಗಿಸುವ ವಿಧಾನವೂ ಒಂದಿದೆ. ಟೆಂಪೊ ವರ್ಷಕ್ಕೆ 9 ಪರ್ಸೆಂಟ್, ಹೋಮ್‌ಸ್ಟೇ 12, ಸೋಲಾರ್ 14ರ ಮೇಲೆ. ಯಾವ ವರ್ಷ ಬಂತು ಎಂಬುದನ್ನೇ ಇದು ನುಂಗಿಹಾಕುತ್ತದೆ. ಬ್ರೋಷರ್‌ನಲ್ಲಿ ಹಾಕಲಿಕ್ಕೆ ಚೆಂದ. ನಾನು ಇದನ್ನು ನಂಬಿ ಏನೂ ಮಾಡುವುದಿಲ್ಲ.

ಎನ್‌ಪಿವಿ: ಚೀಟಿ ಎತ್ತಿದವರಿಗೆ ಇದು ಗೊತ್ತೇ ಇದೆ

ಪುಸ್ತಕದಲ್ಲಿ ಇದಕ್ಕೆ ನಿವ್ವಳ ಪ್ರಸ್ತುತ ಮೌಲ್ಯ ಅನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ. 1 ಲಕ್ಷದ ಚೀಟಿಯನ್ನು ಮೊದಲ ತಿಂಗಳಲ್ಲೇ 80 ಸಾವಿರಕ್ಕೆ ಎತ್ತಿದವರನ್ನು ನೋಡಿಲ್ವಾ? ಅವರು ಹುಚ್ಚರಲ್ಲ. ಈಗ ಸಿಗುವ 80, ಆಮೇಲೆ ಸಿಗುವ 100ಕ್ಕಿಂತ ಮೇಲು ಎಂದು ಲೆಕ್ಕ ಹಾಕಿದವರು. ನಮ್ಮ ಊರಿಗೆ ಇದು ಹೊಸ ವಿದ್ಯೆಯೂ ಅಲ್ಲ. 1906ರಲ್ಲಿ ಒಂದೇ ವರ್ಷ ಮಂಗಳೂರಿನಲ್ಲಿ ಕೆನರಾ ಬ್ಯಾಂಕ್, ಉಡುಪಿಯಲ್ಲಿ ಕಾರ್ಪೊರೇಷನ್ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕಿನ ಪಿಗ್ಮಿ, ಅಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಡಿಪಾಸಿಟ್, ಶುರುವಾದದ್ದು 1928ರಲ್ಲಿ. ದುಡ್ಡಿಗೆ ಕಾಲದ ಬೆಲೆ ಉಂಟು ಎಂದು ಅಂಗಡಿ ಅಂಗಡಿಗೆ ಹೋಗಿ ಕಲಿಸಿದ ಊರು ಇದು.

ಎನ್‌ಪಿವಿ ಮಾಡುವುದು ಅದನ್ನೇ. 12 ಪರ್ಸೆಂಟ್ ಹಿಡಿದರೆ ಒಂದು ವರ್ಷದ ನಂತರದ 1 ಲಕ್ಷಕ್ಕೆ ಇವತ್ತಿನ ಬೆಲೆ ಸುಮಾರು 89 ಸಾವಿರ. ಐದು ವರ್ಷದ ನಂತರದ್ದಕ್ಕೆ 57 ಸಾವಿರ. ಹತ್ತು ವರ್ಷದ್ದಕ್ಕೆ ಬರೀ 32 ಸಾವಿರ. ಹೀಗೆ ಪ್ರತಿ ವರ್ಷದ ದುಡ್ಡನ್ನು ಇವತ್ತಿಗೆ ತಂದು ಕೂಡಿಸಿ, ಹಾಕಿದ ದುಡ್ಡು ಕಳೆಯಿರಿ. ಉಳಿದದ್ದು ಸೊನ್ನೆಗಿಂತ ಮೇಲಿದ್ದರೆ ಆ 12 ಪರ್ಸೆಂಟ್ ಕೊಟ್ಟು ಮತ್ತೆಯೂ ನಿಮಗೆ ಲಾಭ ಉಂಟು ಎಂದರ್ಥ.

12 ಎಲ್ಲಿಂದ ಬಂತು? ಅವರ ಬ್ಯಾಂಕ್ ಸಾಲ 6 ಲಕ್ಷಕ್ಕೆ 11 ಪರ್ಸೆಂಟ್. ಸ್ವಂತ 4 ಲಕ್ಷಕ್ಕೆ, ಇಷ್ಟು ತಲೆಬಿಸಿ ತೆಗೆದುಕೊಳ್ಳುವುದಕ್ಕೆ, 13.5 ಆದರೂ ಬೇಕು ಎಂದು ಅವರೇ ಹೇಳಿದರು. ಎರಡನ್ನೂ ಅದರದರ ಪಾಲಿಗೆ ಸೇರಿಸಿದರೆ 12.

ಟೆಂಪೊದ ಎನ್‌ಪಿವಿ ಸುಮಾರು 1,06,600. ಹೋಮ್‌ಸ್ಟೇ 1,63,300. ಸೋಲಾರ್ 1,35,300, ಅದೂ ಬರೀ 3 ಲಕ್ಷ ಹಾಕಿ. ಮಗಳು ನೋಡಿದ್ದು ಈ ಲೆಕ್ಕ.

ಈಗ ಮಜಾ ನೋಡಿ. ದರವನ್ನು 10ಕ್ಕೆ ಇಳಿಸಿದರೆ ಹೋಮ್‌ಸ್ಟೇ 2.8 ಲಕ್ಷ, ಟೆಂಪೊ 1.5 ಲಕ್ಷ. ಹೋಮ್‌ಸ್ಟೇ ಎಲ್ಲೋ ಮುಂದೆ. 14ಕ್ಕೆ ಏರಿಸಿದರೆ ಎರಡೂ ಹೆಚ್ಚುಕಡಿಮೆ 62 ಸಾವಿರ, ಸಮಸಮ. 15ಕ್ಕೆ ಹೋದರೆ ಟೆಂಪೊ 42 ಸಾವಿರ, ಹೋಮ್‌ಸ್ಟೇ 16 ಸಾವಿರ, ಅಂದರೆ ಉಲ್ಟಾ! ಪ್ರಾಜೆಕ್ಟ್ ಅದೇ, ಅಂಕಿ ಅದೇ, ನೀವು ತಂದ ದುಡ್ಡಿನ ಬೆಲೆ ಮಾತ್ರ ಬೇರೆ. ಹಾಗಾಗಿ "ಯಾವುದು ಒಳ್ಳೆಯದು" ಎಂದು ನನ್ನಲ್ಲಿ ಕೇಳಿದವರಿಗೆ ನಾನು ಮೊದಲು ಕೇಳುವುದು "ದುಡ್ಡು ಎಲ್ಲಿಂದ?" ಅಂತ. ಸೊಸೈಟಿಯಿಂದ ಕಡಿಮೆ ಬಡ್ಡಿಗೆ ಸಿಗುವವರಿಗೂ ಫೈನಾನ್ಸ್‌ನಿಂದ ತರುವವರಿಗೂ ಒಂದೇ ಉತ್ತರ ಇರಲಿಕ್ಕೆ ಸಾಧ್ಯವೇ ಇಲ್ಲ.

ಫೈನಾನ್ಸ್ ಅಂದ ಮೇಲೆ ಒಂದು ಮಾತು. "ಬರೀ 10 ಪರ್ಸೆಂಟ್, ಫ್ಲಾಟ್" ಅಂತ ಹೇಳಿದರೆ 10 ಎಂದು ಬರೆದುಕೊಳ್ಳಬೇಡಿ. ಫ್ಲಾಟ್ ಅಂದರೆ ಕೊನೆಯ ಕಂತಿನವರೆಗೂ ಪೂರ್ತಿ ಅಸಲಿನ ಮೇಲೇ ಬಡ್ಡಿ. ಐದು ವರ್ಷದ ಕಂತಿಗೆ ಫ್ಲಾಟ್ 10 ಅಂದರೆ, ಬ್ಯಾಂಕಿನ ಹಾಗೆ ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದಾಗ, 17ರ ಮೇಲೆ ಬರುತ್ತದೆ. ಆ ದರ ಹಿಡಿದರೆ ಟೆಂಪೊವೂ ಇಲ್ಲ, ಹೋಮ್‌ಸ್ಟೇಯೂ ಇಲ್ಲ.

ಎನ್‌ಪಿವಿಯಲ್ಲಿ ಇನ್ನೊಂದು ಗುಂಡಿ ಉಂಟು. ಟೆಂಪೊ 5 ವರ್ಷದ್ದು, ಹೋಮ್‌ಸ್ಟೇ 10 ವರ್ಷದ್ದು. ಐದು ವರ್ಷ ಆದ ಮೇಲೆ ಇನ್ನೊಂದು ಟೆಂಪೊ ತೆಗೆದುಕೊಳ್ಳಬಹುದಲ್ಲ? ಅದಕ್ಕೆ ಎನ್‌ಪಿವಿಯನ್ನು ವರ್ಷದ ಕಂತಿನ ಹಾಗೆ ಹರಡಿ ನೋಡಬೇಕು. ಹಾಗೆ ಮಾಡಿದಾಗ ಟೆಂಪೊ ವರ್ಷಕ್ಕೆ 29,600, ಹೋಮ್‌ಸ್ಟೇ 28,900. ಇಷ್ಟು ಹೊತ್ತು ಜಗಳ ಮಾಡಿದ್ದು 700 ರೂಪಾಯಿಗೆ! ಆದರೆ ಇದು ನೀವು ನಿಜವಾಗಿಯೂ ಎರಡನೇ ಟೆಂಪೊ ತೆಗೆದುಕೊಳ್ಳುವುದಾದರೆ ಮಾತ್ರ. ಐದು ವರ್ಷದ ನಂತರ ಬೇರೆ ಉದ್ಯೋಗ ನೋಡುತ್ತೇನೆ ಎನ್ನುವವರು ಈ ಲೆಕ್ಕ ಬಿಟ್ಟುಬಿಡಿ.

ಐಆರ್‌ಆರ್: ಚೆಂದದ ಒಂದೇ ಅಂಕಿ

ಎನ್‌ಪಿವಿ ಸೊನ್ನೆ ಆಗುವ ದರವೇ ಐಆರ್‌ಆರ್, ಅಂದರೆ ಪ್ರಾಜೆಕ್ಟ್ ತಾನೇ ದುಡಿದು ಕೊಡುವ ಪರ್ಸೆಂಟ್. ಟೆಂಪೊ 17.1, ಹೋಮ್‌ಸ್ಟೇ 15.4, ಸೋಲಾರ್ ಸುಮಾರು 19 ಪರ್ಸೆಂಟ್. ಜನರಿಗೆ ಇದು ಇಷ್ಟ. ಡಿಪಾಸಿಟ್ ಬಡ್ಡಿಯ ಪಕ್ಕ ಇಟ್ಟು ನೋಡಬಹುದಲ್ಲ. ದರ ಎಷ್ಟು ಹಿಡಿಯಬೇಕು ಎಂಬ ಚರ್ಚೆಯೂ ಶುರುವಿಗೆ ಬೇಡ. ಒಂದೇ ಪ್ರಾಜೆಕ್ಟ್ ಇದ್ದು, ಮಾಡುವುದಾ ಬಿಡುವುದಾ ಎಂದಷ್ಟೇ ಕೇಳಿದರೆ ಐಆರ್‌ಆರ್ ಸಾಕು. ನಿಮ್ಮ ದುಡ್ಡಿನ ದರಕ್ಕಿಂತ, ಇಲ್ಲಿ ಆ 12ಕ್ಕಿಂತ, ಮೇಲೆ ಉಂಟಾ ನೋಡಿ, ಮುಗಿಯಿತು.

ಎರಡರಲ್ಲಿ ಒಂದು ಆರಿಸುವಾಗ ಇದು ದಾರಿ ತಪ್ಪಿಸುತ್ತದೆ. 17 ಪರ್ಸೆಂಟ್ ಅಂದರೆ ಇಡೀ 10 ಲಕ್ಷ ಐದು ವರ್ಷವೂ 17ರಲ್ಲಿ ದುಡಿಯುತ್ತದೆ ಎಂದಲ್ಲ. ಮೊದಲ ವರ್ಷ ಬಂದ 4.5 ಲಕ್ಷ ಹೊರಗೆ ಬಂದಾಯಿತು. ಅದನ್ನು ನೀವು 7 ಪರ್ಸೆಂಟ್ ಡಿಪಾಸಿಟ್‌ನಲ್ಲಿ ಇಟ್ಟರೆ ಆ ದುಡ್ಡು ದುಡಿಯುವುದು 7ರಲ್ಲಿ. ದಿನಾ 1 ಸಾವಿರದ ಮೇಲೆ 50 ಪರ್ಸೆಂಟ್ ಲಾಭ ಮಾಡುವ ಗೂಡಂಗಡಿಗೂ 10 ಲಕ್ಷದ ಮೇಲೆ 15 ಮಾಡುವ ವ್ಯವಹಾರಕ್ಕೂ ಪರ್ಸೆಂಟ್ ಇಟ್ಟು ಹೋಲಿಸಿದರೆ ಹೇಗೆ?

ಇನ್ನೊಂದು ವಿಚಿತ್ರ ಉಂಟು. ಕೆಂಪು ಕಲ್ಲಿನ ಕೋರೆ ನೆನಪು ಮಾಡಿಕೊಳ್ಳಿ. ಮೊದಲು ದುಡ್ಡು ಹಾಕುತ್ತೀರಿ, ನಡುವೆ ದುಡ್ಡು ಬರುತ್ತದೆ, ಕೊನೆಗೆ ಹೊಂಡ ಮುಚ್ಚಲು ಪುನಃ ದುಡ್ಡು ಹಾಕಬೇಕು. 10 ಲಕ್ಷ ಹಾಕಿ, ಒಂದು ವರ್ಷದಲ್ಲಿ 23 ಲಕ್ಷ ಬಂದು, ಎರಡನೇ ವರ್ಷ 13.2 ಲಕ್ಷ ಖರ್ಚಾಯಿತು ಎಂದಿಟ್ಟುಕೊಳ್ಳಿ. ಇದರ ಐಆರ್‌ಆರ್ 10 ಅಂದರೂ ಸರಿ, 20 ಅಂದರೂ ಸರಿ, ಎರಡೂ ತಾಳೆ ಆಗುತ್ತದೆ. ಎಕ್ಸೆಲ್ ಅದರಲ್ಲಿ ಒಂದನ್ನು ಮಾತ್ರ ತೋರಿಸಿ ಸುಮ್ಮನಾಗುತ್ತದೆ. ಇಂಥ ಕಡೆ ಎನ್‌ಪಿವಿ ಬಿಟ್ಟು ಬೇರೆ ದಾರಿ ಇಲ್ಲ. 12ರಲ್ಲಿ ನೋಡಿದರೆ ಸಿಗುವುದು ಸುಮಾರು 1,275 ರೂಪಾಯಿ. ಅಷ್ಟಕ್ಕೆ ಅಷ್ಟು ಧೂಳು ಯಾಕೆ?

ದುಡ್ಡಿಗೆ ಮಿತಿ ಇದ್ದರೆ

ಆಗ ನೋಡುವುದು ಹಾಕಿದ ಒಂದೊಂದು ರೂಪಾಯಿಗೆ ಎಷ್ಟು ಎಂದು. ಬರುವ ದುಡ್ಡಿನ ಇವತ್ತಿನ ಬೆಲೆಯನ್ನು ಹಾಕಿದ ದುಡ್ಡಿನಿಂದ ಭಾಗಿಸಿದರೆ ಆಯಿತು. ಲಾಭದಾಯಕತೆ ಸೂಚ್ಯಂಕ ಅನ್ನುತ್ತಾರೆ. ಟೆಂಪೊ 1.11, ಹೋಮ್‌ಸ್ಟೇ 1.16, ಸೋಲಾರ್ 1.45. ಕೈಯಲ್ಲಿ ಮೂರು ಲಕ್ಷ ಮಾತ್ರ ಇದ್ದವರು ಬೇರೆ ಯೋಚನೆ ಮಾಡುವುದೇ ಬೇಡ, ಹಗಲು ಹೊತ್ತಿನಲ್ಲಿ ಕರೆಂಟ್ ಚೆನ್ನಾಗಿ ಖರ್ಚಾಗುವ ಅಂಗಡಿ ಇದ್ದರೆ.

ಆದರೆ 10 ಲಕ್ಷ ಇದ್ದವರು 3 ಲಕ್ಷ ಸೋಲಾರ್‌ಗೆ ಹಾಕಿ, ಉಳಿದ 7 ಲಕ್ಷ ಎಲ್ಲಿ ಇಡುತ್ತಾರೆ ಎಂಬುದೂ ಲೆಕ್ಕಕ್ಕೆ ಬರಬೇಕು. ಅದರಲ್ಲಿ 6 ಲಕ್ಷ ಸಾಲವೇ ಆದರೆ, ಸಾಲ ತೆಗೆಯದೆ ಇರುವುದೇ ಒಂದು ಆಯ್ಕೆ. ಇದನ್ನು ರಿಪೋರ್ಟಿನಲ್ಲಿ ಯಾರೂ ಬರೆಯುವುದಿಲ್ಲ, ಬರೆಯಲು ಫೀಸ್ ಕೊಡುವವರೂ ಇಲ್ಲ.

ಕಂತು ಕಟ್ಟಲಿಕ್ಕೆ ಆಗುತ್ತದಾ?

ಎನ್‌ಪಿವಿ ಚೆನ್ನಾಗಿದ್ದೂ ಕೈಸುಟ್ಟುಕೊಂಡವರನ್ನು ನೋಡಿದ್ದೇನೆ. 6 ಲಕ್ಷ, 11 ಪರ್ಸೆಂಟ್, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 13,045. ವರ್ಷಕ್ಕೆ ಒಂದೂವರೆ ಲಕ್ಷದ ಮೇಲೆ, 1,56,500. ಹೋಮ್‌ಸ್ಟೇಯಲ್ಲಿ ಮೊದಲ ವರ್ಷ ಬರುವುದೇ 1 ಲಕ್ಷ! ಎರಡನೇ ವರ್ಷವೂ ಆರೂವರೆ ಸಾವಿರ ಕಡಿಮೆ. ಎರಡೂ ಸೇರಿ 63 ಸಾವಿರ ಬೇರೆ ಕಡೆಯಿಂದ ತಂದು ಕಟ್ಟಬೇಕು. ಮನೆಯಲ್ಲಿ ಒಂದು ಸಂಬಳ ಇದ್ದರೆ ಆದೀತು. ಇಲ್ಲದಿದ್ದರೆ ಬ್ಯಾಂಕಿನಲ್ಲಿ ಮೊದಲೇ ಒಂದು ವರ್ಷದ ಮೊರಟೋರಿಯಂ, ಅಂದರೆ ಕಂತು ಶುರುವಾಗುವ ಮೊದಲಿನ ಬಿಡುವು, ಕೇಳಿ, ಸಾಲ ಮಂಜೂರು ಆದ ಮೇಲೆ ಕೇಳಿದರೆ ಮುಖ ನೋಡುತ್ತಾರೆ. ಟೆಂಪೊದಲ್ಲಿ ಈ ತಲೆಬಿಸಿ ಇಲ್ಲ, ಮೊದಲ ವರ್ಷವೇ ಕಂತಿನ ಮೂರು ಪಾಲಿನ ಹತ್ತಿರ ಬರುತ್ತದೆ. ಬ್ಯಾಂಕಿನವರು ನಿಮ್ಮ ಎನ್‌ಪಿವಿಗಿಂತ ಇದನ್ನೇ ಜಾಸ್ತಿ ನೋಡುವುದು, ಅವರಿಗೆ ಬೇಕಾದದ್ದು ಕಂತು.

ಅಂಕಿಯನ್ನು ಅಲುಗಾಡಿಸಿ ನೋಡಿ

ಯಾವ ವಿಧಾನ ಹಿಡಿದರೂ ಇದನ್ನು ಮಾಡದೆ ಸಹಿ ಹಾಕಬೇಡಿ. ಟೆಂಪೊದ ಆದಾಯ ಪ್ರತಿ ವರ್ಷ 10 ಪರ್ಸೆಂಟ್ ಕಡಿಮೆ ಆಯಿತು ಎಂದುಕೊಳ್ಳಿ. 1 ಲಕ್ಷದ ಎನ್‌ಪಿವಿ ಹೋಗಿ 4 ಸಾವಿರ ನಷ್ಟಕ್ಕೆ ಬರುತ್ತದೆ. ಮೀನು ಸಿಗದ ಒಂದು ಸೀಸನ್, ಡೀಸೆಲ್ ನಾಲ್ಕು ರೂಪಾಯಿ ಜಾಸ್ತಿ, ಇಷ್ಟು ಸಾಕು. ಹೋಮ್‌ಸ್ಟೇ 10 ಪರ್ಸೆಂಟ್ ಇಳಿದರೂ 47 ಸಾವಿರ ಉಳಿಯುತ್ತದೆ. 2020ರ ಹಾಗೆ ಬಾಗಿಲು ಮುಚ್ಚಿ ಮೊದಲ ವರ್ಷ ಪೂರ್ತಿ ಸೊನ್ನೆ ಆದರೂ 74 ಸಾವಿರ ಉಂಟು. ಆದರೆ ನಾಲ್ಕನೇ ವರ್ಷದಿಂದ ಎರಡೂವರೆ ಲಕ್ಷದ ಬದಲು ಎರಡೇ ಲಕ್ಷ ಬಂದರೆ ಉಳಿಯುವುದು ಒಂದು ಸಾವಿರವೂ ಅಲ್ಲ. ಅಂದರೆ ಹೋಮ್‌ಸ್ಟೇಯ ಜೀವ ಇರುವುದು ಆ ಎರಡೂವರೆ ಲಕ್ಷದಲ್ಲಿ. ಉಡುಪಿ ಕೃಷ್ಣಮಠದ ಪರ್ಯಾಯ ಉತ್ಸವದ ವಾರ ಸಿಕ್ಕಿದ ಬಾಡಿಗೆಯನ್ನು ಇಡೀ ವರ್ಷಕ್ಕೆ ಗುಣಿಸಿದ ಒಂದು ರಿಪೋರ್ಟ್ ನೋಡಿದ್ದೆ. ಪರ್ಯಾಯ ಎರಡು ವರ್ಷಕ್ಕೊಮ್ಮೆ ಮಾರಾಯ್ರೆ! ಮಳೆಗಾಲದಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟೇ ಇಲ್ಲ.

ಸೋಲಾರ್ 20 ಪರ್ಸೆಂಟ್ ಇಳಿದರೂ 45 ಸಾವಿರ ಮೇಲೆಯೇ ಇರುತ್ತದೆ. ಅದು ಗಟ್ಟಿ, ಆದರೆ ಅದರಿಂದ ವ್ಯಾಪಾರ ಬೆಳೆಯುವುದಿಲ್ಲ, ಖರ್ಚು ಇಳಿಯುತ್ತದೆ ಅಷ್ಟೇ.

ಜೊತೆಗೆ ಎರಡು ಸಣ್ಣ ಕಳ್ಳಾಟ, ನಾವೇ ನಮಗೆ ಮಾಡಿಕೊಳ್ಳುವುದು. "ಜಾಗ ನಮ್ಮದೇ, ಅದಕ್ಕೆ ಖರ್ಚಿಲ್ಲ" ಅನ್ನುವುದು. ಆ ಹಳೆ ಮನೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಎಂಟು ಸಾವಿರ ಬರುತ್ತಿತ್ತಾದರೆ, ವರ್ಷಕ್ಕೆ 96 ಸಾವಿರ ಹೋಮ್‌ಸ್ಟೇ ಲೆಕ್ಕದಿಂದ ಕಳೆಯಬೇಕು. ಇನ್ನೊಂದು, "ಪ್ಲಾನ್‌ಗೆ ಆಗಲೇ 50 ಸಾವಿರ ಕೊಟ್ಟಾಯಿತು, ಈಗ ಬಿಡುವುದು ಹೇಗೆ" ಅನ್ನುವುದು. ಅದು ಹೋದ ದುಡ್ಡು. ಕಟ್ಟಿದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ.

ಹಾಗಾದರೆ ಯಾರು ಯಾವುದನ್ನು ಹಿಡಿಯಬೇಕು?

ಸಾಲದ ದರ ಜಾಸ್ತಿ, ಬೇರೆ ಆದಾಯ ಇಲ್ಲ ಎನ್ನುವವರು ಮೊದಲು ಕಂತು, ಆಮೇಲೆ ಪೇಬ್ಯಾಕ್ ನೋಡಿ. ಕಾಯಬಲ್ಲವರು, ಸ್ವಂತ ದುಡ್ಡು ಜಾಸ್ತಿ ಇರುವವರು ಎನ್‌ಪಿವಿ ಹಿಡಿಯಿರಿ, ಆಯಸ್ಸು ಬೇರೆ ಬೇರೆ ಇದ್ದರೆ ವರ್ಷಕ್ಕೆ ಹರಡಿ ನೋಡಿ. ಸಣ್ಣ ಸಣ್ಣ ನಾಲ್ಕೈದು ಕೆಲಸಕ್ಕೆ ಒಂದೇ ಗಂಟು ದುಡ್ಡು ಹಂಚಬೇಕಾದವರಿಗೆ ಸೂಚ್ಯಂಕ. ಐಆರ್‌ಆರ್ ಬಾವನಿಗೆ ಫೋನಿನಲ್ಲಿ ಹೇಳಲಿಕ್ಕೆ ಚೆನ್ನಾಗಿರುತ್ತದೆ.

ಎಕ್ಸೆಲ್‌ನಲ್ಲಿ ಮಾಡುವವರಿಗೆ ಒಂದು ಎಚ್ಚರಿಕೆ. ಅದರ ಎನ್‌ಪಿವಿ ಫಾರ್ಮುಲಾ ಮೊದಲ ಅಂಕಿಯನ್ನೇ ಒಂದು ವರ್ಷದ ನಂತರದ್ದು ಎಂದು ಹಿಡಿಯುತ್ತದೆ. ಇವತ್ತು ಹಾಕುವ 10 ಲಕ್ಷವನ್ನು ಅದರ ಒಳಗೆ ಸೇರಿಸಬೇಡಿ, ಹೊರಗೆ ಕಳೆಯಿರಿ. ಸೀಸನ್ ಮೇಲೆ ನಡೆಯುವ ವ್ಯಾಪಾರಕ್ಕೆ ತಾರೀಕು ಹಾಕಿ ಎಕ್ಸ್‌ಐಆರ್‌ಆರ್ ಮಾಡುವುದು ಒಳ್ಳೆಯದು, ಆಗ ಜೂನ್ ಜುಲೈ ಖಾಲಿ ಇರುವುದು ಸರಿಯಾಗಿ ಕಾಣುತ್ತದೆ.

ಕಾಪುವಿನವರು ಸದ್ಯಕ್ಕೆ ಸ್ವಂತ ದುಡ್ಡಿನಲ್ಲೇ ಸೋಲಾರ್‌ಗೆ ಅಡ್ವಾನ್ಸ್ ಕೊಟ್ಟಿದ್ದಾರೆ. ಎರಡು ರೂಮ್ ಬದಲು ಒಂದೇ ಕಟ್ಟಿದರೆ ಎಷ್ಟಾಗುತ್ತದೆ ಎಂದು ಮಗಳು ಹೊಸ ಶೀಟ್ ಮಾಡಿ ಕಳಿಸಿದ್ದಾಳೆ, ಈ ಸಲ ಮನೆ ಬಾಡಿಗೆಯನ್ನೂ ಕಳೆದು. ಬಾವ ಮೊನ್ನೆಯೂ ಟೆಂಪೊ ಶೋರೂಮ್‌ನಿಂದಲೇ ಫೋನ್ ಮಾಡಿದ್ದರಂತೆ.